ಸಲಾಡಿನ ರಸ ಮತ್ತು ನನ್ನ ಮೂಗು

ಕಾದ ಎಣ್ಣೆಗೆ ಇಂಗು ಹಾಕಿದೆ, ಏನೂ ಆಗಲಿಲ್ಲ. ಎಣ್ಣೆಯಲ್ಲಿ ಆಗಬೇಕಾದದ್ದೆಲ್ಲ ಆಗಿತ್ತು. ಸಾಸಿವೆ ಸಿಡಿದಿತ್ತು, ಇಂಗು ಉಬ್ಬಿತ್ತು, ಕರಿಬೇವು ಚಟಚಟ ಎಂದಿತ್ತು. ನನ್ನ ಮೂಗಿಗೆ ಮಾತ್ರ ಏನೂ ಬರಲಿಲ್ಲ. ಇಂಗಿನ ಡಬ್ಬಿಯನ್ನೇ ಮೂಗಿಗೆ ಹಿಡಿದು ಜೋರಾಗಿ ಎಳೆದುಕೊಂಡೆ. ಬರೀ ಗಾಳಿ. ಹಿಂದಿನ ವಾರ ಜ್ವರ, ನೆಗಡಿ ಬಂದು ಹೋಗಿದ್ದವು. ನೆಗಡಿ ಹೋಗುವಾಗ ಮೂಗನ್ನೂ ಜೊತೆಗೆ ಕರೆದುಕೊಂಡು ಹೋಗಿದೆ ಎಂದು ನನಗೆ ಗೊತ್ತಾದದ್ದು ಆ ಒಗ್ಗರಣೆಯ ಮುಂದೆ.

ನಾನು ಚಿಂಚವಾಡದ ಒಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಮುಖ್ಯ ಅಡಿಗೆಯವನು. ಪುಣೆಯ ಕಡೆ ಅಡಿಗೆಯವನನ್ನು ಮಹಾರಾಜ ಎನ್ನುತ್ತಾರೆ. ರಾಜ್ಯವೆಂದರೆ ನಾಲ್ಕು ಒಲೆ, ಒಂದು ಉಗ್ರಾಣ. ಮೂಗು ಹೋದರೆ ಬೇರೆ ಅಡಿಗೆಯವರಿಗೆ ಅರ್ಧ ನಷ್ಟ, ನನಗೆ ಪೂರ್ತಿ ನಷ್ಟ. ಏಕೆಂದರೆ ನಾನು ಅಡಿಗೆ ಮಾಡುವಾಗ ರುಚಿ ನೋಡುವವನಲ್ಲ.

ಇದು ನಮ್ಮ ಮನೆತನದ ಪದ್ಧತಿ. ಅಪ್ಪ ಗದಗಿನ ಕಡೆ ಒಂದು ಮಠದಲ್ಲಿ ಅಡಿಗೆ ಮಾಡುತ್ತಿದ್ದರು. ದೇವರ ನೈವೇದ್ಯ ಆಗುವ ಮೊದಲು ಒಂದು ಹನಿ ಸಾರು ನಾಲಿಗೆಗೆ ಮುಟ್ಟಿದರೂ ಇಡೀ ಕೊಪ್ಪರಿಗೆ ಎಂಜಲು. ಹಾಗಾಗಿ ಉಪ್ಪು ಕೈಯ ಅಳತೆಗೆ, ಹುಳಿ ಕಣ್ಣಿನ ಅಳತೆಗೆ, ಉಳಿದದ್ದೆಲ್ಲ ಮೂಗಿನ ಅಳತೆಗೆ. ಬೇಳೆ ಬೆಂದಿದೆಯೋ, ಮಸಾಲೆಯ ಹಸಿ ಹೋಗಿದೆಯೋ, ಉಪ್ಪು ಕಡಿಮೆಯಾಗಿದೆಯೋ, ಎಲ್ಲವನ್ನೂ ಹಬೆಯಲ್ಲೇ ಹಿಡಿಯಬೇಕು. ಉಪ್ಪಿಗೆ ಎಲ್ಲಿಯ ವಾಸನೆ ಎಂದು ನಗಬೇಡಿ, ಉಪ್ಪು ಕಡಿಮೆಯಾದ ಹುಳಿಯ ಹಬೆ ಬೇರೆಯೇ ಇರುತ್ತದೆ. ಪುಣೆಗೆ ಬಂದ ಮೇಲೂ ನಾನು ಇದನ್ನು ಬಿಡಲಿಲ್ಲ. ಕ್ಯಾಂಟೀನಿನ ಮೂಲೆಯಲ್ಲಿ ದೇವರ ಫೋಟೋ ಇಟ್ಟಿದ್ದೇನೆ. ಮೊದಲ ಸೌಟು ಅದರ ಮುಂದೆ, ಆಮೇಲೆ ಕೌಂಟರಿಗೆ, ಎಲ್ಲರ ಊಟ ಮುಗಿದ ಮೇಲೆ ಉಳಿದದ್ದು ನನಗೆ. ಇನ್ನೊಂದು ಪದ್ಧತಿಯೂ ಇದೆ. ಉಂಡದ್ದನ್ನು ಚೆನ್ನಾಗಿದೆ, ಚೆನ್ನಾಗಿಲ್ಲ ಎಂದು ನಮ್ಮಲ್ಲಿ ಆಡುವುದಿಲ್ಲ. ಪ್ರಸಾದಕ್ಕೆ ಹೆಸರಿಡಬಾರದು ಎಂದು ಅಪ್ಪ ಹೇಳುತ್ತಿದ್ದರು. ಮನೆಯಲ್ಲೂ ನಾನು ಹೆಂಡತಿ ಬಡಿಸಿದ್ದನ್ನು ತಲೆತಗ್ಗಿಸಿ ಉಂಡು ಏಳುವವನೇ.

ಮೂಗಿನ ಸುದ್ದಿಯನ್ನು ಯಾರಿಗೂ ಹೇಳಲಿಲ್ಲ. ದೇಹೂ ರೋಡಿನಲ್ಲಿ ನಮ್ಮ ಮನೆಯ ಹತ್ತಿರದ ಡಾಕ್ಟರು ನೋಡಿ, ಬರುತ್ತದೆ, ಆದರೆ ತಿಂಗಳುಗಳೇ ಹಿಡಿಯಬಹುದು ಎಂದರು. ನಾನು ಹೆದರಲಿಲ್ಲ. ಹುಳಿ, ಪಲ್ಯ, ಮೊಳಕೆಕಾಳಿನ ಉಸಳ, ಎಲ್ಲ ಕೈಗೆ ಬಾಯಿಪಾಠವಾದ ಅಡಿಗೆಗಳು. ಕೈ ತನ್ನ ಪಾಡಿಗೆ ತಾನು ಮಾಡುತ್ತಿತ್ತು, ಜನ ಉಣ್ಣುತ್ತಿದ್ದರು. ನಮ್ಮ ಮನೆಯಾಕೆಗೆ ಮಾತ್ರ ಬೇಗ ಗೊತ್ತಾಯಿತು. ಒಂದು ಸಂಜೆ ನಾನು ಅಡಿಗೆಮನೆಯ ಬಾಗಿಲಲ್ಲೇ ಕೂತು ಪೇಪರ್ ಓದುತ್ತಿದ್ದೆ. ಆಕೆ ಹೊರಗಿನಿಂದ ಓಡಿಬಂದಳು.

"ಹಾಲು ಹೊತ್ತಿ ಕರ್‍ರಗ ಆಗೇದ, ಓಣಿ ತುಂಬ ವಾಸನಿ ಹಬ್ಬೇದ. ಇಲ್ಲೇ ಕೂತೀರಿ, ನಿಮಗ ಗೊತ್ತಾಗ್ಲಿಲ್ಲೇನ್ರಿ?"

ಹೇಳಲೇಬೇಕಾಯಿತು. ಆಕೆ ಬೈಯಲಿಲ್ಲ. ಪಾತ್ರೆ ತಿಕ್ಕುತ್ತಾ, "ಕ್ಯಾಂಟೀನಿನ್ಯಾಗ ಹೊಸಾದೇನೂ ಮಾಡಲಿಕ್ಕೆ ಹೋಗಬ್ಯಾಡ್ರಿ ಮತ್ತ," ಎಂದಳು.

ಅವಳ ಬಾಯಿಗೆ ಸಕ್ಕರೆ ಹಾಕಬೇಕಿತ್ತು. ಆ ವಾರವೇ ಹೊಸತು ಬಂತು.

ಕ್ಯಾಂಟೀನಿನ ಉಸ್ತುವಾರಿ ಆಫೀಸಿನ ಒಬ್ಬ ಹುಡುಗಿಯದು. ಮೈಸೂರಿನವಳು, ನನ್ನನ್ನು ಭಟ್ರೇ ಎನ್ನುತ್ತಾಳೆ. ಕೆಲಸಗಾರರ ಆರೋಗ್ಯ ತಪಾಸಣೆಯಲ್ಲಿ ಸಕ್ಕರೆ ಕಾಯಿಲೆಯವರು, ಬಿಪಿಯವರು ಬಹಳ ಮಂದಿ ಸಿಕ್ಕಿದ್ದರು. ಅದಕ್ಕಾಗಿ ಅವಳು ಸಲಾಡಿನ ಕೌಂಟರು ತೆರೆಸಿದ್ದಳು. ಜನ ಒಂದು ಸೌತೆಕಾಯಿಯ ಚೂರು ಎತ್ತಿಕೊಂಡು ಮುಂದೆ ಹೋಗುತ್ತಿದ್ದರು, ಉಳಿದದ್ದೆಲ್ಲ ಕಸದ ಡಬ್ಬಿಗೆ.

"ಭಟ್ರೇ, ಸಲಾಡಿಗೆ ಒಂದು ಡ್ರೆಸಿಂಗ್ ಬೇಕು, ಮೇಲಿಂದ ಹಾಕ್ಕೊಳ್ಳೋ ರಸ. ಸ್ವೀಟ್ ಅಂಡ್ ಸ್ಪೈಸಿ. ಬಾಟಲಿದು ಬೇಡ, ಅದ್ರಲ್ಲಿ ಏನೇನೋ ಹಾಕಿರ್ತಾರೆ. ಹಿಂದ್ಗಡೆ ಗಾರ್ಡನ್ನಲ್ಲಿ ಪುದೀನ ಎಲ್ಲ ಇದ್ಯಲ್ಲ, ಅದನ್ನೇ ಯೂಸ್ ಮಾಡೋಣ," ಎಂದಳು. ಆಮೇಲೆ ದನಿ ಇಳಿಸಿದಳು. "ಹೆಡ್ ಆಫೀಸಿನವ್ರು ವಿಸಿಟ್‌ಗೆ ಬರ್ತಿದಾರೆ. ಇಲ್ಲಿ ಅಡುಗೆ ನಿಲ್ಸಿ, ಹೊರಗಿಂದ ವ್ಯಾನಲ್ಲಿ ಊಟ ತರ್ಸೋ ಪ್ಲ್ಯಾನ್ ಇದೆ. ನಮ್ಮ ಕಿಚನ್ ಯಾಕೆ ಬೇಕು ಅಂತ ಅವ್ರಿಗೆ ತೋರಿಸ್ಬೇಕು ಭಟ್ರೇ. ಅದಕ್ಕೇ ಕೇಳ್ತಿದೀನಿ."

ಅಂದರೆ ವ್ಯಾನು ಬಂದರೆ ನನಗೆ ಒಲೆ ಇಲ್ಲ. ಡಬ್ಬಿ ಇಳಿಸಿಕೊಂಡು ಬಡಿಸುವ ಕೆಲಸ ಸಿಗಬಹುದು, ಸಿಗದೆಯೂ ಇರಬಹುದು. ಈ ವಯಸ್ಸಿನಲ್ಲಿ ಬೇರೆ ಅಡಿಗೆಮನೆ ಹುಡುಕಿಕೊಂಡು ಹೋದರೆ, ಮೂಗಿಲ್ಲದ ಅಡಿಗೆಯವನನ್ನು ಯಾರು ಇಟ್ಟುಕೊಳ್ಳುತ್ತಾರೆ? ಆಗಲಿ ಮೇಡಂ ಎಂದೆ. ಕೈಗೆ ಗೊತ್ತಿಲ್ಲದ ಅಡಿಗೆ, ಹೇಳಿಕೊಡಲು ಮೂಗಿಲ್ಲ.

ಕ್ಯಾಂಟೀನಿನ ಹಿಂದೆ ನೀರಿನ ಟಾಕಿಯ ಪಕ್ಕ ಮಾಲಿ ಬೆಳೆಸಿದ ಪಾತಿಗಳಿವೆ. ಪುದೀನ, ಕೊತ್ತಂಬರಿ, ಕಾಮಕಸ್ತೂರಿ, ದೊಡ್ಡಪತ್ರೆ, ಇಲ್ಲಿನವರು ಚಹಕ್ಕೆ ಹಾಕುವ ಗವತಿ ಚಹಾದ ಹುಲ್ಲು. ಮೊದಲ ದಿನ ಎಲ್ಲದರಲ್ಲೂ ಒಂದೊಂದು ಹಿಡಿ ಕಿತ್ತುಕೊಂಡೆ. ಬೆಲ್ಲ ಕರಗಿಸಿ ಸೋಸಿದೆ. ಹುಣಸೆಹಣ್ಣು ಕಿವುಚಿದೆ. ಹಸಿಮೆಣಸಿನಕಾಯಿ, ಜೀರಿಗೆ, ಶುಂಠಿ, ಎಲೆಗಳು ಎಲ್ಲವನ್ನೂ ಮಿಕ್ಸಿಗೆ ಹಾಕಿ ನುಣ್ಣಗೆ ತಿರುವಿದೆ. ಹೊಸ ಅಡಿಗೆ, ಸ್ವಲ್ಪ ಮರ್ಯಾದೆಯಿಂದ ಇರಲಿ ಎಂದು ದಿನದ ಎಣ್ಣೆ ಬಿಟ್ಟು, ಅಟ್ಟದ ಮೇಲಿಟ್ಟಿದ್ದ ಶೇಂಗಾ ಎಣ್ಣೆಯ ಡಬ್ಬಿ ಇಳಿಸಿದೆ. ನೋಡಲು ಹಸಿರಾಗಿ ಚೆಂದವೇ ಇತ್ತು. ಮೊದಲ ಸೌಟು ದೇವರ ಮುಂದೆ ಇಟ್ಟು ಕೌಂಟರಿಗೆ ಕಳಿಸಿದೆ.

ಕಳಿಸಿದ ಸ್ವಲ್ಪ ಹೊತ್ತಿಗೇ ಎಣ್ಣೆ ಮೇಲೆ, ನೀರು ಕೆಳಗೆ, ನಡುವೆ ಕಪ್ಪಾದ ಎಲೆಯ ಗಷ್ಟು. ಹಾಕಿಸಿಕೊಂಡವರು ಒಂದು ತುತ್ತಿಗೇ ಮುಖ ಸಿಂಡರಿಸಿ ತಟ್ಟೆ ಬದಿಗೆ ಸರಿಸಿದರು. ತರಕಾರಿ ಹೆಚ್ಚುವ ಹೆಂಗಸು, ನಮಗೆಲ್ಲ ಮಾವಶಿ, ಅಂದರೆ ಚಿಕ್ಕಮ್ಮ, ಪಾತ್ರೆಯನ್ನು ಒಳಗೆ ತಂದು ಧಡ್ಡನೆ ಇಟ್ಟಳು. ಆಕೆ ಸೋಲಾಪುರದವಳು, ಕನ್ನಡ ಬರುತ್ತದೆ. ಸಿಟ್ಟು ಬಂದಾಗ ಮರಾಠಿ.

"ಮಹಾರಾಜ, ತೇಲ್ ಖವಟ ಝಾಲಂಯ! ಎಣ್ಣಿ ಕಮಟ ಹಿಡದದ. ಡಬ್ಬಿ ಬಾಯಿ ತಗದ್ರ ಮೂಗಿಗೆ ಬಡಿತದ. ನಿಮಗ ವಾಸ ಬರಲಿಲ್ಲ?"

"ನಿನ್ನ ಕೆಲಸ ನೀ ನೋಡು," ಎಂದುಬಿಟ್ಟೆ. ಆಕೆ ನನ್ನನ್ನು ಒಂದು ಕ್ಷಣ ದಿಟ್ಟಿಸಿದಳು. ಹೋಗಿ ಸೌತೆಕಾಯಿ ಹೆಚ್ಚತೊಡಗಿದಳು. ಮೂಗಿನ ಸಿಟ್ಟನ್ನು ಮಾವಶಿಯ ಮೇಲೆ ತೀರಿಸಿಕೊಂಡಿದ್ದೆ. ನಾಚಿಕೆಯಾಯಿತು, ಆದರೂ ಸಿಟ್ಟು ಇಳಿಯಲಿಲ್ಲ.

ಎರಡನೆಯ ಸಲ ಕಣ್ಣಿಗೆ ಕಾಣುವ ತಪ್ಪುಗಳನ್ನು ತಿದ್ದಿದೆ. ಮಿಕ್ಸಿಯ ಬಿಸಿಗೆ ಪುದೀನ ಕಪ್ಪಾಗಿ ಕಹಿಯಾಗುತ್ತದೆ, ಅದಕ್ಕೆ ಎಲೆಗಳನ್ನು ಕಲ್ಲಿನಲ್ಲಿ ಉಪ್ಪಿನ ಜೊತೆ ಜಜ್ಜಿ, ಎಲ್ಲ ತಣ್ಣಗಾದ ಮೇಲೆ ಕೊನೆಗೆ ಸೇರಿಸಿದೆ. ಎಣ್ಣೆ, ನೀರು ಒಂದಾಗಲು ನಮ್ಮ ಕಡೆಯ ಅಗಸಿ ನೆನಪಾಯಿತು. ಅಗಸಿಬೀಜವನ್ನು ನೀರಿನಲ್ಲಿ ನೆನೆಹಾಕಿದರೆ ಲೋಳೆ ಬಿಡುತ್ತದೆ. ಆ ಲೋಳೆಯನ್ನು ಸೋಸಿ, ಅದಕ್ಕೆ ಹೊಸ ಎಣ್ಣೆಯನ್ನು ಸಣ್ಣ ಧಾರೆಯಾಗಿ ಬಿಡುತ್ತಾ ಕಡೆದೆ. ಹುರಿದ ಶೇಂಗಾದ ಹಿಟ್ಟು ಒಂದಿಷ್ಟು ಸೇರಿಸಿದೆ. ರಸ ಗಟ್ಟಿಯಾಗಿ ಚಮಚಕ್ಕೆ ಹತ್ತಿಕೊಂಡಿತು, ಒಡೆಯಲಿಲ್ಲ. ತರಕಾರಿಗೆ ಮೊದಲೇ ಕಲಸಿದರೆ ಉಪ್ಪಿಗೆ ಸೌತೆಕಾಯಿ ನೀರು ಬಿಟ್ಟುಕೊಳ್ಳುತ್ತದೆ. ಹಾಗಾಗಿ ರಸವನ್ನು ಬೇರೆ ಪಾತ್ರೆಯಲ್ಲಿ ಇಟ್ಟು, ತಟ್ಟೆಗೆ ಬಿದ್ದ ಮೇಲೆ ಮೇಲಿನಿಂದ ಹಾಕಿಸಿದೆ.

ಈ ಸಲ ಯಾರೂ ಮುಖ ಸಿಂಡರಿಸಲಿಲ್ಲ. ಎರಡನೆಯ ಸಲ ಕೇಳಿದವರೂ ಇಲ್ಲ. ಆಫೀಸಿನ ಹುಡುಗಿ ಒಂದು ಚಮಚ ಬಾಯಿಗಿಟ್ಟು ಯೋಚಿಸಿದಳು.

"ತುಂಬಾ ಸ್ವೀಟ್ ಆಯ್ತು ಭಟ್ರೇ. ಬೆಲ್ಲಾನೂ ಶುಗರ್ರೇ ಅಲ್ವಾ, ಅರ್ಧಕ್ಕೆ ಇಳ್ಸಿ. ಮತ್ತೆ ಎಲೆಗಳದ್ದು ಒಂದಕ್ಕೊಂದು ಜಗಳ ಆಡ್ತಿದೆ. ನಿಮ್ಗೆ ಹಂಗನ್ನಿಸ್ತಿಲ್ವಾ?"

ಅನ್ನಿಸುತ್ತದೆ ಮೇಡಂ, ನೋಡೋಣ ಎಂದೆ. ಏನು ಅನ್ನಿಸಬೇಕು? ಬೆಲ್ಲ ಅರ್ಧಕ್ಕೆ ಇಳಿಸಿದರೆ ಖಾರ, ಹುಳಿ ಎರಡೂ ತಲೆ ಎತ್ತುತ್ತವೆ. ಎಷ್ಟು ಎತ್ತುತ್ತವೆ ಎಂದು ಕಣ್ಣಿಗೆ ಕಾಣುವುದಿಲ್ಲ, ಕೈಗೆ ಗೊತ್ತಿಲ್ಲ.

ಆ ಸಂಜೆ ಲೋಕಲ್ ಟ್ರೇನಿನಿಂದ ಇಳಿದು ಮನೆಗೆ ಹೋದವನು ಊಟಕ್ಕೂ ಏಳಲಿಲ್ಲ. ಹೆಂಡತಿ ಎಲ್ಲ ಕೇಳಿಸಿಕೊಂಡಳು. ಕಡೆಗೆ, "ಮೂಗು ಹೋತು ಖರೆ. ನಾಲಿಗಿ ಎಲ್ಲಿ ಹೋಗೇದ?" ಎಂದಳು.

"ನೈವೇದ್ಯ ಆಗದ ಹೆಂಗ ಬಾಯಿಗೆ ಹಾಕ್ಲಿ? ಎಲ್ಲಾ ಎಂಜಲ ಆಗ್ತದ."

"ಮಾಡಿದ ಮ್ಯಾಲೇ ನೈವೇದ್ಯ ತೋರಸಬೇಕಂತ ಎಲ್ಲಿ ಅದರಿ? ಮುಂಜಾನೆ ಸಾಮಾನನ ದೇವರ ಮುಂದ ಇಡ್ರಿ. ಬೆಲ್ಲ, ಹುಣಸಿಹಣ್ಣು, ಎಲಿ, ಎಲ್ಲಾ. ಕೈ ಮುಗೀರಿ. ಅಲ್ಲಿಗೆ ಅದೆಲ್ಲಾ ಪ್ರಸಾದ ಆತು. ಆಮ್ಯಾಲ ಎಷ್ಟ ಸಲ ನೆಕ್ಕಿದ್ರೂ ಯಾರು ಕೇಳ್ತಾರ?"

"ಅಪ್ಪಾ ಒಪ್ತಿದ್ರೇನು?"

"ಮಾವನವರು ಮಠದಾಗ ಸಲಾಡ ಮಾಡ್ತಿದ್ರೇನು?"

ನನಗೆ ನಗು ಬಂತು. ಎದ್ದು ಊಟ ಮಾಡಿದೆ.

ಮರುದಿನ ಮುಂಜಾನೆ ಒಲೆ ಹೊತ್ತಿಸುವ ಮೊದಲು ಒಂದು ತಟ್ಟೆಯಲ್ಲಿ ಸಾಮಾನನ್ನೆಲ್ಲ ಜೋಡಿಸಿ ಫೋಟೋದ ಮುಂದಿಟ್ಟೆ, ಮೇಲೊಂದು ತುಳಸಿ ಎಲೆ. ಕೈಮುಗಿದೆ. ಅರ್ಧ ಬೆಲ್ಲದ ರಸ ಕಲಸಿದೆ. ಸೌಟಿನಿಂದ ಅಂಗೈಗೆ ಎರಡು ಹನಿ ಬಿಟ್ಟುಕೊಂಡು ನಿಂತೆ. ಮಾವಶಿ ದೂರದಿಂದ ನೋಡುತ್ತಿದ್ದಳು. ಇಷ್ಟು ವರ್ಷದ ಅಡಿಗೆಯಲ್ಲಿ ಒಲೆಯ ಮುಂದೆ ನಿಂತು ನಾನು ಏನನ್ನೂ ಬಾಯಿಗೆ ಹಾಕಿದವನಲ್ಲ. ಕಣ್ಣು ಮುಚ್ಚಿ ನೆಕ್ಕಿದೆ.

ಏನೂ ಗೊತ್ತಾಗದು ಎಂದುಕೊಂಡಿದ್ದೆ. ಗೊತ್ತಾಯಿತು! ಮೊದಲು ಸಿಹಿ, ಅದರ ಬೆನ್ನಿಗೆ ಹುಳಿ, ಉಪ್ಪು. ಆಮೇಲೆ ಗಂಟಲ ಹತ್ತಿರ ಮೆಣಸಿನಕಾಯಿ. ಪುದೀನದ ವಾಸನೆ ಇಲ್ಲ, ಆದರೆ ಅದರ ತಂಪು ನಾಲಿಗೆಯ ಮೇಲೆ ಇತ್ತು. ಶುಂಠಿ ಬಿಸಿಯಾಗಿತ್ತು. ಮೂಗು ಅಡ್ಡ ಬರದ ಕಾರಣ ಒಂದೊಂದೂ ಬೇರೆ ಬೇರೆಯಾಗಿ ತೋರುತ್ತಿತ್ತು. ಖುಷಿಗೆ ಕಣ್ಣಲ್ಲಿ ನೀರು ಬಂತು. ಮಾವಶಿ ಖಾರ ಹೆಚ್ಚಾಯಿತೆಂದು ತಿಳಿದು ನೀರಿನ ಲೋಟ ತಂದಳು.

ಅಂದಿನಿಂದ ಕೈತೊಳೆಯುವುದು, ಎರಡು ಹನಿ, ಮತ್ತೆ ಕೈತೊಳೆಯುವುದು ಇದೇ ಕೆಲಸ. ಹಸಿಮೆಣಸಿನಕಾಯಿ ನೇರವಾಗಿ ಚುಚ್ಚುತ್ತಿತ್ತು, ಅದನ್ನು ಎಣ್ಣೆಯಲ್ಲಿ ಬೊಬ್ಬೆ ಏಳುವವರೆಗೆ ಹುರಿದು ಹಾಕಿದರೆ ಖಾರ ನಿಧಾನವಾಗಿ ಏರುತ್ತದೆ. ಹುಣಸೆ ಕಡಿಮೆ ಮಾಡಿ ಕೊನೆಗೆ ನಿಂಬೆರಸ ಹಿಂಡಿದರೆ ಕಡಿಮೆ ಬೆಲ್ಲವೂ ಸಾಕಾಗುತ್ತದೆ. ಉಪ್ಪು ಒಂದು ಚಿಟಿಕೆ ಮುಂದೆ ಹೋದರೆ ಸಿಹಿಯೇ ಎದ್ದು ಕಾಣುತ್ತದೆ, ಇನ್ನೊಂದು ಚಿಟಿಕೆ ಹೋದರೆ ಎಲ್ಲ ಹಾಳು. ಇವನ್ನೆಲ್ಲ ಚಿಕ್ಕ ಹುಡುಗನಂತೆ ಕಲಿತೆ.

ಎಲೆಗಳ ಜಗಳ ಮಾತ್ರ ಬಗೆಹರಿಯಲಿಲ್ಲ. ಕಾಮಕಸ್ತೂರಿ, ದೊಡ್ಡಪತ್ರೆ ನನ್ನ ನಾಲಿಗೆಗೆ ಬರೀ ಹುಲ್ಲು. ಅದಕ್ಕೆ ಮೂಗೇ ಬೇಕು. ಮಾವಶಿಯನ್ನು ಕರೆದೆ.

"ನನಗ ವಾಸನಿ ಬರಂಗಿಲ್ಲ. ಜ್ವರ ಬಂದಾಗಿಂದ. ಮೊನ್ನೆ ಸುಮ್ಮನ ನಿನ್ನ ಮ್ಯಾಲೆ ಹಾರಾಡಿದೆ."

"ಗೊತ್ತದ," ಎಂದಳು. "ಆ ಎಣ್ಣಿ ದಿವಸನ ಗೊತ್ತಾತು. ನೀವ ಹೇಳ್ತೀರಿ ಅಂತ ಕಾಯಲಿಕ್ಕೆ ಹತ್ತಿದ್ದೆ."

"ಆಫೀಸಿಗೆ ಯಾಕ ಹೇಳಲಿಲ್ಲ?"

"ವ್ಯಾನ ಬಂದ್ರ ನಾ ಸೌತಿಕಾಯಿ ಎಲ್ಲಿ ಹೆಚ್ಚಲಿ, ಮಹಾರಾಜ?"

ಆಮೇಲೆ ನನ್ನ ನಾಲಿಗೆ, ಮಾವಶಿಯ ಮೂಗು. ದೊಡ್ಡಪತ್ರೆಯ ಓಮಿನ ವಾಸನೆ ಎಲ್ಲವನ್ನೂ ತುಳಿಯುತ್ತದೆ, ತೆಗೆಯಿರಿ ಎಂದಳು. ಗವತಿ ಚಹಾ ಕೆಟ್ಟದ್ದಲ್ಲ, ಆದರೆ ಊಟದ ನಡುವೆ ಚಹಾ ನೆನಪಾಗುತ್ತದೆ ಎಂದಳು. ಅದನ್ನೂ ತೆಗೆದೆವು. ಕೊತ್ತಂಬರಿಯ ದಂಟು, ಪುದೀನ, ನಾಲ್ಕೇ ನಾಲ್ಕು ಕಾಮಕಸ್ತೂರಿ ಎಲೆ ಉಳಿದವು. ನಾವಿಬ್ಬರೂ ಒಂದೇ ಪಾತ್ರೆಯ ಮೇಲೆ ಬಗ್ಗಿ ನಿಂತು ವಾದ ಮಾಡುವುದನ್ನು ನೋಡಿ ಉಳಿದವರು ನಗುತ್ತಿದ್ದರು. ಕೌಂಟರಿನಲ್ಲಿ ಜನ ಎರಡನೆಯ ಸಲ ಕೇಳತೊಡಗಿದರು. ಒಬ್ಬ ಅದನ್ನು ಅನ್ನಕ್ಕೂ ಕಲಸಿಕೊಂಡ.

ಹೆಡ್ ಆಫೀಸಿನವರು ಬಂದ ದಿನ ದೊಡ್ಡ ಪಾತ್ರೆ ಸಾಲದೆ, ರಸವನ್ನು ಎರಡು ಪಾತ್ರೆಗಳಿಗೆ ಹಾಕಿದ್ದೆವು. ಒಂದು ಈ ತುದಿಗೆ, ಇನ್ನೊಂದು ಆ ತುದಿಗೆ. ಬಂದವರಲ್ಲಿ ಹಿರಿಯರಾದ ಸಾಹೇಬರು ಮೊದಲನೆಯ ಪಾತ್ರೆಯ ರಸ ಹಾಕಿಸಿಕೊಂಡು ಉಂಡರು, ಮತ್ತೆ ಹಾಕಿಸಿಕೊಂಡರು. ಆಫೀಸಿನ ಹುಡುಗಿ ನನಗೆ ಕಣ್ಣಲ್ಲೇ ಶಾಬಾಸ್ ಎಂದಳು. ಆಮೇಲೆ ಸಾಹೇಬರು ಆ ತುದಿಗೆ ಹೋಗಿ ಎರಡನೆಯ ಪಾತ್ರೆಯ ಮುಚ್ಚಳ ತೆಗೆದು ಮೂಸಿದರು. ಹುಬ್ಬು ಗಂಟಿಕ್ಕಿದರು. ಸೌಟನ್ನು ನನ್ನ ಮೂಗಿನ ಹತ್ತಿರ ತಂದು, ಹಿಂದಿಯಲ್ಲಿ, ಇದರ ವಾಸನೆ ಬೇರೆ ಇದೆಯಲ್ಲ ಮಹಾರಾಜ, ನೋಡಿ ಎಂದರು.

ಕಾಮಕಸ್ತೂರಿ ಒಂದು ಎಲೆ ಹೆಚ್ಚು ಬಿದ್ದಿದೆ ಸಾಹೇಬ್ ಎಂದು ಹೇಳಿಬಿಡಬಹುದಿತ್ತು. ಮಾತು ತುಟಿಗೆ ಬಂದಿತ್ತು. ಎರಡು ಹನಿ ಅಂಗೈಗೆ ಬಿಟ್ಟುಕೊಂಡು ನೆಕ್ಕಿದೆ. ಸಿಹಿ, ಹುಳಿ, ಉಪ್ಪು, ಖಾರ ಎಲ್ಲ ಸರಿಯಾಗಿದ್ದವು. ಆದರೆ ಕಮಟು ಎಣ್ಣೆಯ ದಿನವೂ ಕಣ್ಣಿಗೆ ಎಲ್ಲ ಸರಿಯಾಗಿಯೇ ಇತ್ತು. ಹಿಂದೆ ಕೆಲಸಗಾರರ ಸಾಲು ತಟ್ಟೆ ಹಿಡಿದು ನಿಂತಿತ್ತು. ಅವರೆಲ್ಲ ನನ್ನನ್ನು ನಂಬಿ ಉಣ್ಣುವವರು.

"ಸಾಹೇಬ್, ನನಗೆ ಮೂಗಿಲ್ಲ," ಎಂದು ಹಿಂದಿಯಲ್ಲೇ ಹೇಳಿದೆ. "ಜ್ವರದಲ್ಲಿ ಹೋಯಿತು, ಇನ್ನೂ ಬಂದಿಲ್ಲ. ನಾಲಿಗೆಗೆ ತಪ್ಪು ಕಾಣುತ್ತಿಲ್ಲ. ವಾಸನೆ ನೋಡುವವರು ಬೇರೆ ಇದ್ದಾರೆ, ಕರೆಯುತ್ತೇನೆ."

ಆಫೀಸಿನ ಹುಡುಗಿಯ ಮುಖ ಬಿಳಿಚಿಕೊಂಡಿತು. ಮಾವಶಿ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದು ಮೂಸಿದಳು. ಮುಚ್ಚಳವನ್ನು ತಿರುಗಿಸಿ ಅದನ್ನೂ ಮೂಸಿದಳು.

"ರಸ ಛಲೋ ಅದ. ಭಾಂಡಿದ ವಾಸನಿ ಇದು. ಸಾಬಣ ಸರಿ ತೊಳದಿಲ್ಲ."

ಪಾತ್ರೆ ತೊಳೆದಾಗ ಸಾಬೂನು ಪೂರ್ತಿ ಹೋಗಿರಲಿಲ್ಲ. ನಾನು ಯಾರನ್ನೂ ಕೇಳದೆ ಆ ಪಾತ್ರೆಯನ್ನು ಎತ್ತಿಸಿ ಮೋರಿಗೆ ಸುರಿಸಿದೆ. ಅರ್ಧ ಜನರಿಗೆ ಆ ದಿನ ರಸ ಸಿಗಲಿಲ್ಲ. ಹೆಡ್ ಆಫೀಸಿನವರ ಎದುರೇ ಸಾಲಿನಲ್ಲಿ ಗೊಣಗಾಟ ಎದ್ದಿತು. ಇಲ್ಲಿಗೆ ನನ್ನ ರಾಜ್ಯಭಾರ ಮುಗಿಯಿತು ಎಂದುಕೊಂಡೆ.

ಸಾಹೇಬರು ಗೊಣಗಾಟವನ್ನು ಕೇಳುತ್ತಾ ನಿಂತಿದ್ದರು. ಸಲಾಡು ಸಿಗಲಿಲ್ಲ ಎಂದು ಜಗಳ ಆಡುವವರನ್ನು ಇವತ್ತೇ ನೋಡಿದ್ದು ಎಂದರು. ನಗಲಿಲ್ಲ, ಹಾಗೆಯೇ ಹೊರಟರು.

ಅವರ ಕಾರು ಗೇಟು ದಾಟಿದ ಮೇಲೆ ಆಫೀಸಿನ ಹುಡುಗಿ ಒಳಗೆ ಬಂದಳು. "ಭಟ್ರೇ, ನಂಗೆ ಜೀವಾನೇ ಬಾಯಿಗೆ ಬಂದಿತ್ತು! ಮೊದ್ಲೇ ನಂಗೊಂದು ಮಾತು ಹೇಳ್ಬಾರ್ದಿತ್ತಾ?" ಎಂದು ರೇಗಿದಳು. ಹೇಳಬೇಕಿತ್ತು ಮೇಡಂ ಎಂದೆ. ಆಮೇಲೆ ಅವಳು ಕೂತು ಮೊದಲನೆಯ ಪಾತ್ರೆಯ ತಳದಲ್ಲಿ ಉಳಿದಿದ್ದ ರಸವನ್ನು ಸೌತೆಕಾಯಿಗೆ ಹಾಕಿಕೊಂಡು ತಿಂದಳು.

ಹೆಡ್ ಆಫೀಸಿನ ಉತ್ತರ ಬರಲು ಕೆಲವು ದಿನ ಹಿಡಿಯಿತು. ಕೊನೆಗೆ ಅವಳೇ ಓಡಿಬಂದು ಹೇಳಿದಳು. ವ್ಯಾನು ಬರುವುದಿಲ್ಲ, ಒಲೆ ಇಲ್ಲೇ ಇರುತ್ತದೆ. ಆದರೆ ಇನ್ನು ಮುಂದೆ ಯಾವ ಅಡಿಗೆಯೂ ಇಬ್ಬರು ನೋಡದೆ ಕೌಂಟರಿಗೆ ಹೋಗಬಾರದು. ಮಾವಶಿ ಈಳಿಗೆಯಿಂದ ಎದ್ದು ನನ್ನ ಪಕ್ಕ ಒಲೆಯ ಹತ್ತಿರ ಬಂದಳು. ಈಗ ಮುಂಜಾನೆ ಸಾಮಾನಿಗೆ ನೈವೇದ್ಯ, ಆಮೇಲೆ ಅಡಿಗೆ. ಹುಳಿ ಆಗಲಿ, ಪಲ್ಯ ಆಗಲಿ, ನಾನು ನೆಕ್ಕುತ್ತೇನೆ, ಆಕೆ ಮೂಸುತ್ತಾಳೆ, ಇಬ್ಬರೂ ಗಟ್ಟಿಯಾಗಿ ಹೇಳುತ್ತೇವೆ. ಉಪ್ಪು ಸರಿ. ಹಸಿ ಹೋಗಿಲ್ಲ. ಹುಳಿ ಮುಂದೆ ಇದೆ. ಇದೇ ಮಾತು ದಿನವಿಡೀ.

ಆ ಸುದ್ದಿ ಬಂದ ಸಂಜೆ ಮನೆಯಲ್ಲಿ ಹೆಂಡತಿ ಬಿಸಿ ಅನ್ನಕ್ಕೆ ಸಾರು ಬಡಿಸಿದಳು. ಒಂದು ತುತ್ತು ಉಂಡೆ. ಕ್ಯಾಂಟೀನಿನ ಅಭ್ಯಾಸ, ನನಗೆ ಗೊತ್ತಿಲ್ಲದೆಯೇ ಬಾಯಿಂದ ಬಂತು.

"ಉಪ್ಪು ಸರಿ ಅದ. ಹುಳಿ ಒಂಚೂರು ಮುಂದ ಅದ."

ನಾಲಿಗೆ ಕಚ್ಚಿಕೊಂಡೆ. ಮದುವೆಯಾದಂದಿನಿಂದ ಆಕೆಯ ಅಡಿಗೆಗೆ ನಾನು ಒಂದು ಮಾತು ಆಡಿದವನಲ್ಲ. ಮೊದಲನೆಯ ಸಲ ಆಡಿದ್ದು ಕೊಂಕು. ಸಿಟ್ಟಾಗುತ್ತಾಳೆ ಎಂದುಕೊಂಡು ತಲೆ ಎತ್ತಿದೆ.

ಆಕೆ ಸೌಟನ್ನು ಪಾತ್ರೆಗೆ ಹಾಕಿ ನನ್ನ ಎದುರಿಗೆ ನೆಲದ ಮೇಲೆ ಕೂತಳು. ಎಂದೂ ನಾನು ಉಣ್ಣುವಾಗ ಕೂತವಳಲ್ಲ.

"ಮತ್ತ?" ಎಂದಳು. "ಮತ್ತೇನದ, ಹೇಳ್ರಿ."